ಸೀಸವನ್ನು ಪಳಗಿಸಿದ ಗ್ಯಾಸ್ಟನ್ ಪ್ಲಾಂಟೆ

ಇನ್ವರ್ಟರ್ ಇರುವ ಮನೆಗಳಲ್ಲಿ ಒಂದು ದೂರು ಸಾಮಾನ್ಯ. ಐದಾರು ವರ್ಷ ಬಾಳಬೇಕಿದ್ದ ಬ್ಯಾಟರಿ ಎರಡೇ ವರ್ಷಕ್ಕೆ ಕೈಕೊಡುತ್ತದೆ. ಕರೆಂಟು ಹೋದ ಹತ್ತು ನಿಮಿಷಕ್ಕೆ ಫ್ಯಾನು ನಿಲ್ಲುತ್ತದೆ, ಇನ್ವರ್ಟರ್ ಕುಯ್ಯೆಂದು ಕೂಗಿಕೊಳ್ಳುತ್ತದೆ. ಆದರೆ ಸ್ವಲ್ಪ ಹೊತ್ತಿನ ಹಿಂದಷ್ಟೇ ಅದರ ಪುಟ್ಟ ದೀಪ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದೆ ಎಂದು ತೋರಿಸಿರುತ್ತದೆ. ಕಂಪನಿಯವರನ್ನು ಬೈದುಕೊಂಡು ಹೊಸದನ್ನು ತರುತ್ತೇವೆ. ಅದರ ಗತಿಯೂ ಹಾಗೆಯೇ ಆಗುತ್ತದೆ.

ಇಂಥ ಬ್ಯಾಟರಿಗಳಲ್ಲಿ ಹಲವು ಸಾಯುವುದು ಕಾರ್ಖಾನೆಯ ದೋಷದಿಂದಲ್ಲ, ಒಂದು ತಪ್ಪು ಕಲ್ಪನೆಯಿಂದ. ಬ್ಯಾಟರಿ ಎಂದರೆ ಕರೆಂಟು ತುಂಬಿಡುವ ಸಂಪು ಎಂಬುದೇ ಆ ಕಲ್ಪನೆ. ಸಂಪಿನಲ್ಲಿ ನೀರು ಅರ್ಧ ಇದ್ದರೆ ಸಂಪಿಗೇನೂ ನಷ್ಟವಿಲ್ಲ. ಬೇಕಾದಾಗ ತುಂಬಬಹುದು, ಬೇಡವಾದಾಗ ಖಾಲಿ ಬಿಡಬಹುದು. ಬ್ಯಾಟರಿ ಹಾಗಲ್ಲ. ಅದರೊಳಗೆ ಇರುವುದು ಕೂಡಿಟ್ಟ ಕರೆಂಟಲ್ಲ, ಪಳಗಿಸಿದ ಸೀಸ. ಅದು ಹೇಗೆ ಪಳಗುತ್ತದೆ, ಹೇಗೆ ಕೆಡುತ್ತದೆ ಎಂಬುದು ಗೊತ್ತಾಗಲು ಪಠ್ಯಪುಸ್ತಕಕ್ಕಿಂತ ಚೆನ್ನಾದ ದಾರಿಯೊಂದಿದೆ. ಅದು ಸೀಸ-ಆಮ್ಲ ಬ್ಯಾಟರಿಯನ್ನು ಕಂಡುಹಿಡಿದ ಗ್ಯಾಸ್ಟನ್ ಪ್ಲಾಂಟೆಯ ಬದುಕು.

ಮೊದಲು ಹಕ್ಕಿ, ಆಮೇಲೆ ಬ್ಯಾಟರಿ

ಪ್ಲಾಂಟೆ ಹುಟ್ಟಿದ್ದು 1834ರ ಏಪ್ರಿಲ್ 22ರಂದು, ಫ್ರಾನ್ಸಿನ ನೈರುತ್ಯ ಮೂಲೆಯಲ್ಲಿ, ಪಿರೆನೀಸ್ ಬೆಟ್ಟಸಾಲಿನ ಬಳಿಯ ಓರ್ತೇಜ್ ಎಂಬ ಸಣ್ಣ ಊರಿನಲ್ಲಿ. ತಮ್ಮ ಫ್ರಾನ್ಸಿಸ್ ಮುಂದೆ ಹೆಸರಾಂತ ಪಿಯಾನೋ ವಾದಕನಾದ. ಗ್ಯಾಸ್ಟನ್ ಹಿಡಿದದ್ದು ವಿಜ್ಞಾನದ ದಾರಿ. 1854ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಪ್ಯಾರಿಸ್ಸಿನ ಕನ್ಸರ್ವೇಟ್ವಾರ್ ದೆಜಾರ್ ಎ ಮೆಟಿಯೆ ಎಂಬ ಸಂಸ್ಥೆಯಲ್ಲಿ ಭೌತಶಾಸ್ತ್ರದ ಪ್ರಯೋಗ ಸಹಾಯಕನ ಕೆಲಸಕ್ಕೆ ಸೇರಿದ. ಉಪನ್ಯಾಸಕ್ಕೆ ಬೇಕಾದ ಉಪಕರಣ ಜೋಡಿಸುವುದು, ಪ್ರಯೋಗ ಮಾಡಿ ತೋರಿಸುವುದು ಅವನ ಕೆಲಸ.

ಅಲ್ಲಿ ಅವನ ಹಿರಿಯ ಎಡ್ಮಂಡ್ ಬೆಕೆರೆಲ್. ಬೆಳಕು ಬಿದ್ದರೆ ವಿದ್ಯುತ್ ಹುಟ್ಟುತ್ತದೆಂದು 1839ರಲ್ಲಿ ತೋರಿಸಿದವನು ಈತನೇ. ಇಂದು ನಮ್ಮ ಚಾವಣಿಯ ಮೇಲಿರುವ ಸೋಲಾರ್ ಫಲಕದ ಮೂಲ ತತ್ತ್ವ ಆ ಗುರುವಿನದು, ಅದರ ಕೆಳಗೆ ಮೂಲೆಯಲ್ಲಿ ಕೂತಿರುವ ಬ್ಯಾಟರಿ ಅವನ ಸಹಾಯಕನದು.

ಆದರೆ ಪ್ಲಾಂಟೆಯ ಹೆಸರು ಮೊದಲು ವಿಜ್ಞಾನದ ಪುಸ್ತಕ ಸೇರಿದ್ದು ವಿದ್ಯುತ್ತಿನಿಂದಲ್ಲ. 1855ರಲ್ಲಿ ಪ್ಯಾರಿಸ್ಸಿನ ಹೊರವಲಯದ ಮ್ಯೂಡನ್ ಎಂಬಲ್ಲಿ ಅವನಿಗೆ ದೊಡ್ಡದೊಂದು ಕಾಲಿನ ಮೂಳೆಯ ಪಳೆಯುಳಿಕೆ ಸಿಕ್ಕಿತು. ಅದು ಹಾರಲಾರದ, ಆಳೆತ್ತರದ ಹಳೆಯ ಹಕ್ಕಿಯೊಂದರದು. ಕಂಡುಹಿಡಿದವನ ಹೆಸರೇ ಹಕ್ಕಿಗೆ ಬಂತು. ಅದು ಗ್ಯಾಸ್ಟೋರ್ನಿಸ್, ಅಂದರೆ ಗ್ಯಾಸ್ಟನ್ನನ ಹಕ್ಕಿ. ಈ ಹಕ್ಕಿ ಕ್ರೂರ ಬೇಟೆಗಾರ ಎಂದು ಬಹುಕಾಲ ನಂಬಲಾಗಿತ್ತು. ಅದು ಸೊಪ್ಪು, ಕಾಯಿ ತಿಂದು ಬದುಕುತ್ತಿತ್ತು ಎಂಬುದು ಈಚಿನ ಅಧ್ಯಯನಗಳ ಒಲವು.

ಸುರುಳಿ ಸುತ್ತಿದ ಎರಡು ಹಾಳೆ

ಆ ಕಾಲದಲ್ಲಿ ವಿದ್ಯುತ್ ಬೇಕೆಂದರೆ ರಾಸಾಯನಿಕ ಕೋಶಗಳನ್ನೇ ನಂಬಬೇಕಿತ್ತು. ಟೆಲಿಗ್ರಾಫ್ ಕಚೇರಿಗಳು ನಡೆಯುತ್ತಿದ್ದುದು ಅವುಗಳಿಂದಲೇ. ಸತು ಕರಗಿ ಮುಗಿದರೆ ಕೋಶವೂ ಮುಗಿಯಿತು. ಅದಕ್ಕೆ ಮತ್ತೆ ಹೊಸ ಸತು, ಹೊಸ ಆಮ್ಲ ಹಾಕಬೇಕು. ಹೊರಗಿನಿಂದ ಕರೆಂಟು ಹರಿಸಿ ಕೋಶವನ್ನು ಮತ್ತೆ ಎಬ್ಬಿಸುವ ವಿಚಾರ ಪೂರ್ತಿ ಹೊಸದೇನಲ್ಲ. ಜರ್ಮನಿಯ ಯೋಹಾನ್ ರಿಟ್ಟರ್ 1803ರಷ್ಟು ಹಿಂದೆಯೇ ಅಂಥ ಪ್ರಯೋಗ ಮಾಡಿದ್ದ. ವಿಲ್ಹೆಲ್ಮ್ ಸಿನ್‌ಸ್ಟೆಡೆನ್ 1854ರಲ್ಲಿ ಸೀಸದ ಹಾಳೆಗಳ ಗುಣವನ್ನು ಗಮನಿಸಿದ್ದ. ಆದರೆ ಕೆಲಸಕ್ಕೆ ಬರುವ ವಸ್ತುವೊಂದು ಇನ್ನೂ ಹುಟ್ಟಿರಲಿಲ್ಲ.

ಪ್ಲಾಂಟೆ ಮಾಡಿದ್ದು ಅಡುಗೆಮನೆಯಲ್ಲಿ ಪದಾರ್ಥ ಹೋಲಿಸುವಂಥ ಸರಳ ಕೆಲಸ. ತಾಮ್ರ, ಬೆಳ್ಳಿ, ತವರ, ಚಿನ್ನ, ಪ್ಲಾಟಿನಂ, ಸೀಸ ಹೀಗೆ ಒಂದೊಂದೇ ಲೋಹವನ್ನು ತೆಳು ಗಂಧಕಾಮ್ಲದಲ್ಲಿ ಮುಳುಗಿಸಿ, ಕರೆಂಟು ಹರಿಸಿ, ನಿಲ್ಲಿಸಿ, ಅದು ಮರಳಿ ಎಷ್ಟು ಕರೆಂಟು ಕೊಡುತ್ತದೆ, ಎಷ್ಟು ಹೊತ್ತು ಕೊಡುತ್ತದೆ ಎಂದು ಅಳೆದ. ಗೆದ್ದದ್ದು ಎಲ್ಲಕ್ಕಿಂತ ಅಗ್ಗದ, ಮೆತ್ತನೆಯ ಸೀಸ. 1859ರಲ್ಲಿ ಅವನು ಎರಡು ಸೀಸದ ಹಾಳೆಗಳ ನಡುವೆ ಒಂದಕ್ಕೊಂದು ತಾಗದಂತೆ ತಡೆ ಇಟ್ಟು, ಚಾಪೆಯಂತೆ ಸುರುಳಿ ಸುತ್ತಿ, ಸುಮಾರು ಶೇ 10ರ ಗಂಧಕಾಮ್ಲ ತುಂಬಿದ ಗಾಜಿನ ಜಾಡಿಯಲ್ಲಿ ಇಳಿಸಿದ. ಮತ್ತೆ ಮತ್ತೆ ಚಾರ್ಜ್ ಮಾಡಬಲ್ಲ ಮೊದಲ ಉಪಯುಕ್ತ ಬ್ಯಾಟರಿ ಅದು. 1860ರ ಮಾರ್ಚ್‌ನಲ್ಲಿ ಅಂಥ ಒಂಬತ್ತು ಕೋಶಗಳ ಜೋಡಣೆಯನ್ನು ಫ್ರೆಂಚ್ ವಿಜ್ಞಾನ ಅಕಾಡೆಮಿಯ ಮುಂದಿಟ್ಟ.

ಒಂದು ಕೋಶದ ಒತ್ತಡ ಸುಮಾರು 2 ವೋಲ್ಟ್. 165 ವರ್ಷ ಕಳೆದರೂ ಅದು ಬದಲಾಗಿಲ್ಲ. ನಿಮ್ಮ 12 ವೋಲ್ಟಿನ ಬ್ಯಾಟರಿಯ ಮೇಲೆ ಆರು ಮುಚ್ಚಳ ಇರುವುದು ಒಳಗೆ ಇಂಥ ಆರು ಕೋಶಗಳು ಸಾಲಾಗಿ ಕೂತಿರುವುದರಿಂದ.

ಕಾವಲಿಯಂತೆ ಪಳಗಬೇಕು

ಹೊಸ ಕಬ್ಬಿಣದ ಕಾವಲಿಯ ಮೇಲೆ ಮೊದಲ ದಿನವೇ ದೋಸೆ ಏಳುವುದಿಲ್ಲ. ಎಣ್ಣೆ ಸವರಿ, ಕಾಯಿಸಿ, ಆರಿಸಿ, ಹೀಗೆ ಹಲವು ಸಲ ಮಾಡಿದ ಮೇಲೆ ಅದು ಪಳಗುತ್ತದೆ. ಪ್ಲಾಂಟೆಯ ಸೀಸವೂ ಹಾಗೆಯೇ. ಮೊದಲ ಸಲ ಚಾರ್ಜ್ ಮಾಡಿದಾಗ ಒಂದು ಹಾಳೆಯ ಮೇಲೆ ಸೀಸದ ಡೈಆಕ್ಸೈಡಿನ ಕಂದು ಪೊರೆ ಕೂರುತ್ತಿತ್ತು. ಆದರೆ ಅದು ಎಷ್ಟು ತೆಳು ಎಂದರೆ ಕೋಶ ಕೆಲವೇ ಕ್ಷಣಗಳಲ್ಲಿ ಸುಸ್ತಾಗುತ್ತಿತ್ತು.

ಆತ ಕೈಬಿಡಲಿಲ್ಲ. ಚಾರ್ಜ್ ಮಾಡಿದ, ಖಾಲಿ ಮಾಡಿದ, ಪ್ಲಸ್ ಮೈನಸ್ ಅದಲು ಬದಲು ಮಾಡಿ ಮತ್ತೆ ಚಾರ್ಜ್ ಮಾಡಿದ. ನಡುನಡುವೆ ಗಂಟೆಗಟ್ಟಲೆ, ಆಮೇಲೆ ದಿನಗಟ್ಟಲೆ ವಿಶ್ರಾಂತಿ ಕೊಟ್ಟ. ಪ್ರತಿ ಸುತ್ತಿನಲ್ಲೂ ರಾಸಾಯನಿಕ ಕ್ರಿಯೆ ಸೀಸದೊಳಕ್ಕೆ ಇನ್ನೊಂದಿಷ್ಟು ಇಳಿಯುತ್ತಿತ್ತು. ನುಣುಪಾಗಿದ್ದ ಮೇಲ್ಮೈ ಸ್ಪಂಜಿನಂತೆ ರಂಧ್ರಮಯವಾಗುತ್ತಿತ್ತು. ಆಮ್ಲ ತಾಗುವ ಜಾಗ ಹೆಚ್ಚಿದಂತೆ ಕೋಶದ ಸಾಮರ್ಥ್ಯವೂ ಹೆಚ್ಚುತ್ತಿತ್ತು. ಒಂದು ಕೋಶ ಹದಕ್ಕೆ ಬರಲು ತಿಂಗಳುಗಳೇ ಹಿಡಿಯುತ್ತಿದ್ದವು. ಈ ವಿಧಾನದ ವಿವರಗಳನ್ನು ಅವನು 1872ರಲ್ಲಿ ಪ್ರಕಟಿಸಿದ. ಸೀಸವನ್ನು ಮೊದಲು ತೆಳು ನೈಟ್ರಿಕ್ ಆಮ್ಲದಲ್ಲಿ ನೆನೆಸಿಟ್ಟರೆ ಈ ಕಾಲ ಬಹಳ ಕಡಿಮೆಯಾಗುತ್ತದೆಂದು 1882ರಲ್ಲಿ ತೋರಿಸಿದ.

ಇಲ್ಲೊಂದು ಜನಪ್ರಿಯ ನಂಬಿಕೆಯನ್ನು ಬಿಡಿಸಬೇಕು. ಹೊಸ ಬ್ಯಾಟರಿಯನ್ನು ಮೂರು ಸಲ ಪೂರ್ತಿ ಖಾಲಿ ಮಾಡಿ ತುಂಬಬೇಕು, ಆಗಾಗ ತಳದವರೆಗೆ ಇಳಿಸಬೇಕು ಎಂದು ಹೇಳುವವರಿದ್ದಾರೆ. ಇದು ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದಿಂದ ಉಳಿದುಬಂದ ಸಲಹೆ. ಪ್ಲಾಂಟೆಯ ಸೀಸ ಬರಿಯ ಹಾಳೆ, ಅದಕ್ಕೆ ಆ ಸುತ್ತುಗಳು ಬೇಕಿದ್ದವು. ಇಂದಿನ ಫಲಕಗಳು ಕಾರ್ಖಾನೆಯಲ್ಲೇ ಪಳಗಿ ಬರುತ್ತವೆ. ಅವುಗಳನ್ನು ಪೂರ್ತಿ ಖಾಲಿ ಮಾಡಿದಷ್ಟೂ ಆಯಸ್ಸು ಕಡಿಮೆಯಾಗುತ್ತದೆ. ಅರ್ಧಕ್ಕಿಂತ ಕೆಳಗೆ ಇಳಿಸದೆ ಬಳಸಿದರೆ ಅದೇ ಬ್ಯಾಟರಿ ಹೆಚ್ಚು ಸುತ್ತು ಬಾಳುತ್ತದೆ.

ಎರಡು ಕೋಶದಿಂದ ನೂರಾರು ಕೋಶ

ಪ್ಲಾಂಟೆಗೆ ದೊಡ್ಡ ತೊಡಕೆಂದರೆ ಚಾರ್ಜರ್. ಡೈನಮೋ ಇನ್ನೂ ಬಳಕೆಗೆ ಬಂದಿರಲಿಲ್ಲ. ಅವನ ಬಳಿ ಇದ್ದುದು ಬುನ್ಸೆನ್ ಕೋಶಗಳು. ಸತು, ಇಂಗಾಲ, ಜೊತೆಗೆ ಕೆಟ್ಟ ಹೊಗೆ ಕಾರುವ ನೈಟ್ರಿಕ್ ಆಮ್ಲ. ಎರಡು ಬುನ್ಸೆನ್ ಕೋಶ ಸೇರಿದರೆ ಒಂದು ಸೀಸದ ಕೋಶವನ್ನು ಚಾರ್ಜ್ ಮಾಡುವಷ್ಟು ಒತ್ತಡ ಸಿಗುತ್ತದೆ. ಹತ್ತಾರು ಕೋಶಗಳನ್ನು ಚಾರ್ಜ್ ಮಾಡುವುದು ಹೇಗೆ?

ಅವನ ಉಪಾಯ ಚೊಕ್ಕವಾಗಿತ್ತು. ಚಾರ್ಜ್ ಮಾಡುವಾಗ ಎಲ್ಲ ಕೋಶಗಳ ಪ್ಲಸ್ಸನ್ನು ಒಂದೆಡೆ, ಮೈನಸ್ಸನ್ನು ಇನ್ನೊಂದೆಡೆ ಸೇರಿಸಿ ಸಮಾಂತರವಾಗಿ ಜೋಡಿಸಿದ. ಆಗ ಎಲ್ಲಕ್ಕೂ ಎರಡು ಬುನ್ಸೆನ್ ಕೋಶಗಳೇ ಸಾಕು, ಹೊತ್ತು ಮಾತ್ರ ಹೆಚ್ಚು ಬೇಕು. ಬಳಸುವಾಗ ಒಂದು ಹಿಡಿ ತಿರುಗಿಸಿದರೆ ಅವೇ ಕೋಶಗಳು ಸರಣಿಯಾಗಿ ಒಂದರ ಹಿಂದೊಂದು ನಿಲ್ಲುತ್ತಿದ್ದವು. 20 ಕೋಶಗಳಿದ್ದರೆ ಸುಮಾರು 40 ವೋಲ್ಟ್. ಹೀಗೆ ಕೂಡಿಸುತ್ತ ಅವನು 800 ಕೋಶಗಳವರೆಗೂ ಹೋದ. ಬ್ಯಾಟರಿ ಬ್ಯಾಂಕ್ ಎಂದು ನಾವು ಇಂದು ಕರೆಯುವ ಏರ್ಪಾಡಿನ ದೊಡ್ಡ ಹಿರಿಯಜ್ಜ ಇದು.

ಇದೇ ಸಾಲುಗಳಿಂದ ನಾವು ಕಲಿಯಬೇಕಾದ್ದೂ ಇದೆ. ಸರಣಿಯಲ್ಲಿ ಎಲ್ಲ ಕೋಶಗಳಲ್ಲೂ ಒಂದೇ ಕರೆಂಟು ಹರಿಯುತ್ತದೆ. ಒಂದು ಕೋಶ ಬಡವಾಗಿದ್ದರೆ ಅದು ಮೊದಲು ಖಾಲಿಯಾಗಿ ಇಡೀ ಸಾಲನ್ನು ಕೆಳಗೆಳೆಯುತ್ತದೆ. ಸಮಾಂತರದಲ್ಲಿ ಹಳೆಯ ಬ್ಯಾಟರಿ ಹೊಸದರ ಚಾರ್ಜನ್ನು ಮೆಲ್ಲಗೆ ಹೀರುತ್ತಿರುತ್ತದೆ. ಹಾಗಾಗಿ ಎರಡು ಬ್ಯಾಟರಿಗಳ ಇನ್ವರ್ಟರಿನಲ್ಲಿ ಕೆಟ್ಟ ಒಂದನ್ನಷ್ಟೇ ಬದಲಿಸಿದರೆ ಸಾಕು ಎಂಬುದು ಹಣ ಉಳಿಸುವ ದಾರಿಯಲ್ಲ. ಹೊಸದೂ ಹಳೆಯದರ ಹಾದಿ ಹಿಡಿಯುತ್ತದೆ. ಬ್ಯಾಂಕಿನ ಬ್ಯಾಟರಿಗಳೆಲ್ಲ ಒಂದೇ ಬಗೆ, ಒಂದೇ ಸಾಮರ್ಥ್ಯ, ಒಂದೇ ವಯಸ್ಸಿನವಾಗಿರಬೇಕು.

ಪ್ಲಾಂಟೆಯ ಕೋಶದ ಇನ್ನೊಂದು ಗುಣ ಆ ಕಾಲದವರನ್ನು ಬೆರಗುಗೊಳಿಸಿತ್ತು. ಸ್ವಲ್ಪ ಸ್ವಲ್ಪವಾಗಿ ಪಡೆದದ್ದನ್ನು ಅದು ಒಮ್ಮೆಲೇ ಸುರಿಯಬಲ್ಲದು. ಪ್ಲಾಟಿನಂ ತಂತಿ ಅದಕ್ಕೆ ತಾಗಿದರೆ ಕೆಂಪಗೆ ಕಾಯುತ್ತಿತ್ತು. ಇದರಿಂದ ಮೇಣದಬತ್ತಿ ಹೊತ್ತಿಸುವ ಪುಟ್ಟ ಸಾಧನವೊಂದನ್ನು ಅವನು ಮಾಡಿ, ಶನಿಯ ಬೆಂಕಿಪೆಟ್ಟಿಗೆ ಎಂಬರ್ಥದ ಹೆಸರಿಟ್ಟ. ಹಳೆಯ ರಸವಾದಿಗಳಿಗೆ ಸೀಸ ಶನಿಯ ಲೋಹ. ಅದೇ ಗುಣ ಇಂದು ಅಪಾಯವೂ ಹೌದು. ಬ್ಯಾಟರಿಗೆ ಜೀವ ಇದೆಯೇ ಎಂದು ಸ್ಕ್ರೂಡ್ರೈವರ್ ತಾಗಿಸಿ ಕಿಡಿ ನೋಡುವ ಅಭ್ಯಾಸ ಕೆಲವರಿಗಿದೆ. ನೂರಾರು ಆಂಪಿಯರ್ ಒಮ್ಮೆಲೇ ಹರಿದು ಲೋಹ ಕರಗಬಹುದು. ಚಾರ್ಜ್ ಆಗುವಾಗ ಹೊಮ್ಮಿದ ಜಲಜನಕ ಸುತ್ತಲಿದ್ದರೆ ಆ ಕಿಡಿಗೆ ಬ್ಯಾಟರಿಯೇ ಸಿಡಿಯಬಹುದು. ಗಾಳಿಯಲ್ಲಿ ಶೇ 4ರಷ್ಟು ಜಲಜನಕ ಸೇರಿದರೂ ಅದು ಹೊತ್ತಿಕೊಳ್ಳುತ್ತದೆ. ಬ್ಯಾಟರಿ ಇರುವ ಜಾಗದಲ್ಲಿ ಗಾಳಿಯಾಡಬೇಕು, ದೇವರ ದೀಪವಾಗಲಿ ಊದುಬತ್ತಿಯಾಗಲಿ ಅಲ್ಲಿರಬಾರದು.

ಡೈನಮೋ ಬಂತು, ಬ್ಯಾಟರಿಗೆ ಕಾಲ ಬಂತು

1871ರಲ್ಲಿ ಗ್ರಾಮ್ ಎಂಬಾತ ಒಂದೇ ಸಮನೆ ಕರೆಂಟು ಕೊಡುವ ಡೈನಮೋ ತೋರಿಸಿದ. ಪ್ಲಾಂಟೆ, ಆಲ್ಫ್ರೆಡ್ ನಿಯೊದೆ ಎಂಬ ಎಂಜಿನಿಯರನ ಜೊತೆ ಸೇರಿ, ಕೈಯಿಂದ ತಿರುಗಿಸುವ ಗ್ರಾಮ್ ಯಂತ್ರವನ್ನು ತನ್ನ ಬ್ಯಾಟರಿಗೆ ಜೋಡಿಸಿದ. ತಿರುಗಿಸಿ ಕೈ ಬಿಟ್ಟರೆ ಯಂತ್ರ ನಿಲ್ಲಲಿಲ್ಲ. ಈಗ ಬ್ಯಾಟರಿಯೇ ಅದನ್ನು ಅದೇ ದಿಕ್ಕಿನಲ್ಲಿ ತಿರುಗಿಸತೊಡಗಿತು. ಕೈಯ ಬಲ ಕೂಡಿಟ್ಟು ಮತ್ತೆ ಕೈಯ ಕೆಲಸಕ್ಕೇ ಮರಳಿತ್ತು.

1881ರ ಹೊತ್ತಿಗೆ ಕಮೀಲ್ ಫೋರ್ ಎಂಬ ಇನ್ನೊಬ್ಬ ಫ್ರೆಂಚ್ ಎಂಜಿನಿಯರ್ ದಾರಿಯನ್ನು ಮೊಟಕುಗೊಳಿಸಿದ. ಹಾಳೆಯನ್ನು ತಿಂಗಳುಗಟ್ಟಲೆ ಪಳಗಿಸುವ ಬದಲು ಸೀಸದ ಆಕ್ಸೈಡನ್ನು ಹಿಟ್ಟಿನಂತೆ ಕಲಸಿ ಅದರ ಮೇಲೆ ಮೆತ್ತಿದ. ಸಾಮರ್ಥ್ಯ ಬೇಗ ಬಂತು, ಕಾರ್ಖಾನೆಗಳು ಹುಟ್ಟಿದವು. ಆದರೆ ಮೆತ್ತಿದ್ದು ಉದುರುತ್ತದೆ. ಖಾಲಿಯಾಗುವಾಗ ಉಂಟಾಗುವ ಸೀಸದ ಸಲ್ಫೇಟ್ ಹೆಚ್ಚು ಜಾಗ ಬೇಡುವುದರಿಂದ ಫಲಕ ಹಿಗ್ಗುತ್ತದೆ, ಚಾರ್ಜ್ ಆದಾಗ ಕುಗ್ಗುತ್ತದೆ. ಗೋಡೆಯ ಗಾರೆ ಸಡಿಲವಾಗುವಂತೆ ಲೇಪ ಸಡಿಲವಾಗುತ್ತದೆ.

ಕಾರಿನ ಬ್ಯಾಟರಿಗೂ ಇನ್ವರ್ಟರ್ ಬ್ಯಾಟರಿಗೂ ವ್ಯತ್ಯಾಸ ಇಲ್ಲೇ ಇದೆ. ಕಾರಿನದು ತೆಳು ಫಲಕಗಳದು. ಎಂಜಿನ್ ಎಬ್ಬಿಸಲು ಕೆಲವು ಸೆಕೆಂಡು ಭಾರೀ ಕರೆಂಟು ಕೊಟ್ಟು ಸುಮ್ಮನಾಗುತ್ತದೆ. ಗಂಟೆಗಟ್ಟಲೆ ಖಾಲಿಯಾಗಿ ಮತ್ತೆ ತುಂಬಿಕೊಳ್ಳಬೇಕಾದ ಡೀಪ್ ಸೈಕಲ್ ಬ್ಯಾಟರಿಗೆ ದಪ್ಪ ಫಲಕ ಬೇಕು. ಟ್ಯೂಬುಲರ್ ಬಗೆಯಲ್ಲಂತೂ ಪ್ಲಸ್ ಫಲಕದ ಲೇಪ ಉದುರದಂತೆ ಕೊಳವೆಯಾಕಾರದ ಚೀಲಗಳಲ್ಲಿ ಹಿಡಿದಿಟ್ಟಿರುತ್ತಾರೆ. ಕಾರಿನ ಬ್ಯಾಟರಿಯನ್ನು ಇನ್ವರ್ಟರಿಗೆ ಜೋಡಿಸಿದರೆ ಕೆಲಸ ಮಾಡುತ್ತದೆ, ಬಾಳುವುದಿಲ್ಲ.

ಕೊಲ್ಲುವುದು ಯಾವುದು

ಸ್ವಾರಸ್ಯವೆಂದರೆ ತನ್ನ ಬ್ಯಾಟರಿಯ ರಸಾಯನವನ್ನು ಪ್ಲಾಂಟೆ ಪೂರ್ತಿ ಬಲ್ಲವನಾಗಿರಲಿಲ್ಲ. ಸೀಸ ಆಕ್ಸೈಡ್ ಆಗುವುದು, ಆಕ್ಸೈಡ್ ಮರಳಿ ಸೀಸವಾಗುವುದು ಎಂದೇ ಅವನು ಮುಖ್ಯವಾಗಿ ತಿಳಿದಿದ್ದ. ಖಾಲಿಯಾಗುವಾಗ ಎರಡೂ ಫಲಕಗಳು ಸೀಸದ ಸಲ್ಫೇಟ್ ಆಗುತ್ತವೆ, ಆಮ್ಲ ಅಷ್ಟರಮಟ್ಟಿಗೆ ನೀರಾಗುತ್ತದೆ ಎಂದು 1882ರಲ್ಲಿ ತೋರಿಸಿದವರು ಬ್ರಿಟನ್ನಿನ ಗ್ಲ್ಯಾಡ್‌ಸ್ಟನ್ ಮತ್ತು ಟ್ರೈಬ್.

ಈ ಸಲ್ಫೇಟ್ ಹುಟ್ಟುವಾಗ ಸಣ್ಣ ಹರಳು. ಬೇಗ ಚಾರ್ಜ್ ಮಾಡಿದರೆ ಮರಳಿ ಸೀಸವೂ ಆಮ್ಲವೂ ಆಗುತ್ತದೆ. ಹಾಗೇ ಬಿಟ್ಟರೆ ಜೇನಿನ ತಳದಲ್ಲಿ ಸಕ್ಕರೆ ಕಟ್ಟಿದಂತೆ ದೊಡ್ಡ, ಗಟ್ಟಿ ಹರಳಾಗುತ್ತದೆ. ಆಮೇಲೆ ಚಾರ್ಜರಿಗೆ ಅದು ಜಗ್ಗುವುದಿಲ್ಲ. ಫಲಕದ ಒಂದು ಭಾಗ ಕೆಲಸದಿಂದ ಶಾಶ್ವತವಾಗಿ ಹೊರಬೀಳುತ್ತದೆ. ಖಾಲಿಯಾದ ಬ್ಯಾಟರಿಯನ್ನು ವಾರಗಟ್ಟಲೆ ಬಿಡುವುದು, ದಿನವೂ ಅರೆಬರೆ ಚಾರ್ಜ್‌ನಲ್ಲೇ ಓಡಿಸುವುದು, ಬೇಸಿಗೆ ರಜೆಗೆ ಊರಿಗೆ ಹೋಗುವಾಗ ಅರ್ಧ ಖಾಲಿಯಾದ ಬ್ಯಾಟರಿಯ ಇನ್ವರ್ಟರ್ ಆರಿಸಿ ಹೋಗುವುದು, ಎಲ್ಲದರ ಫಲವೂ ಇದೇ. ಸಂಪಿನ ಕಲ್ಪನೆ ದುಬಾರಿಯಾಗುವುದು ಇಲ್ಲಿ.

ಪರೀಕ್ಷೆ ಹೇಗೆ, ಚಾರ್ಜ್ ಹೇಗೆ

ಪಳಗಿದ ಸೀಸದ ಆರೋಗ್ಯ ನೋಡಲು ಮೂರು ಪರೀಕ್ಷೆಗಳಿವೆ.

ಮೊದಲನೆಯದು ಮಲ್ಟಿಮೀಟರ್. ಚಾರ್ಜ್ ಮುಗಿದ ತಕ್ಷಣ ಅಳೆದರೆ ಮೇಲ್ಮೈಯ ಒತ್ತಡ ಮೋಸ ಮಾಡುತ್ತದೆ. ಚಾರ್ಜರನ್ನೂ ಲೋಡನ್ನೂ ತೆಗೆದು ಕೆಲವು ಗಂಟೆ ಬಿಟ್ಟು ಅಳೆಯಿರಿ. ಇನ್ವರ್ಟರ್ ಬ್ಯಾಟರಿಯಲ್ಲಿ 12.5ರಿಂದ 12.7 ವೋಲ್ಟ್ ಇದ್ದರೆ ತುಂಬಿದೆ, 12.2ರ ಆಸುಪಾಸು ಇದ್ದರೆ ಅರ್ಧ, 11.9ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಖಾಲಿ. ಆದರೆ ಇದು ಎಷ್ಟು ತುಂಬಿದೆ ಎನ್ನುತ್ತದೆಯೇ ಹೊರತು ಪಾತ್ರೆ ಎಷ್ಟು ದೊಡ್ಡದು ಎನ್ನುವುದಿಲ್ಲ. ಸತ್ತ ಬ್ಯಾಟರಿಯೂ ವಿಶ್ರಾಂತಿಯಲ್ಲಿ 12.6 ತೋರಿಸಬಹುದು. ಇನ್ವರ್ಟರಿನ ದೀಪ ಸುಳ್ಳಾಡುವಂತೆ ಕಾಣುವುದು ಇದರಿಂದಲೇ.

ಎರಡನೆಯದು ಹೈಡ್ರೋಮೀಟರ್. ಸಲ್ಫೇಟ್ ಫಲಕದಲ್ಲಿ ಸಿಕ್ಕಿಬಿದ್ದರೆ ಆಮ್ಲ ತೆಳುವಾಗುತ್ತದೆ. ಅದು ಸಾಂದ್ರತೆಯಲ್ಲಿ ಕಾಣುತ್ತದೆ. ಪೂರ್ತಿ ಚಾರ್ಜ್ ಆದ ಟ್ಯೂಬುಲರ್ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 1.240ರ ಆಸುಪಾಸು ಇರಬೇಕು. ನಿಮ್ಮ ಬ್ಯಾಟರಿಯ ಲೇಬಲ್ಲಿನಲ್ಲಿ ಬೇರೆ ಅಂಕಿ ಇದ್ದರೆ ಅದೇ ಪ್ರಮಾಣ. ಆರೂ ಕೋಶಗಳನ್ನು ಅಳೆಯಿರಿ. ಒಂದು ಮಾತ್ರ ಉಳಿದವುಗಳಿಗಿಂತ 0.030ಕ್ಕೂ ಹೆಚ್ಚು ಹಿಂದುಳಿದಿದ್ದರೆ ತೊಂದರೆ ಅಲ್ಲಿದೆ. ಕನ್ನಡಕ, ಕೈಗವಸು ಇಲ್ಲದೆ ಈ ಕೆಲಸ ಬೇಡ.

ಮೂರನೆಯದೇ ನಿಜವಾದ ಪರೀಕ್ಷೆ, ಕೆಲಸ ಕೊಟ್ಟು ನೋಡುವುದು. 150 ಆಂಪಿಯರ್-ಅವರ್, ಸಿ20 ಎಂದರೆ 7.5 ಆಂಪಿಯರಿನಂತೆ 20 ಗಂಟೆ, 10.5 ವೋಲ್ಟಿಗೆ ಇಳಿಯುವವರೆಗೆ ಎಂದರ್ಥ. ಕರೆಂಟು ಹೆಚ್ಚು ಎಳೆದಷ್ಟೂ ಒಟ್ಟು ಸಿಗುವುದು ಕಡಿಮೆ. ಮನೆಯಲ್ಲಿ ಇಷ್ಟು ಸಾಕು: ಬ್ಯಾಟರಿ ಹೊಸದಿದ್ದಾಗ ಪೂರ್ತಿ ಚಾರ್ಜ್ ಮಾಡಿ, ಎರಡು ಫ್ಯಾನು ಮಾತ್ರ ಹಾಕಿ, ಇನ್ವರ್ಟರ್ ತಾನಾಗಿ ನಿಲ್ಲುವವರೆಗಿನ ಹೊತ್ತು ಬರೆದಿಡಿ. ವರ್ಷಕ್ಕೊಮ್ಮೆ ಅದೇ ಲೋಡಿನಲ್ಲಿ ಮತ್ತೆ ನೋಡಿ. ಹೊತ್ತು ಮೊದಲಿನ ಶೇ 80ಕ್ಕಿಂತ ಕಡಿಮೆಯಾದರೆ ಬ್ಯಾಟರಿಗೆ ವಯಸ್ಸಾಗಿದೆ. ಪರೀಕ್ಷೆ ಮುಗಿದ ಕೂಡಲೇ ಚಾರ್ಜಿಗೆ ಹಾಕಿ.

ಚಾರ್ಜ್ ಮಾಡುವುದರಲ್ಲಿ ಪ್ಲಾಂಟೆಯ ನಿಧಾನವೇ ಸರಿ. ಸಾಮರ್ಥ್ಯದ ಹತ್ತನೆಯ ಒಂದು ಭಾಗ, ಅಂದರೆ 150ಕ್ಕೆ 15 ಆಂಪಿಯರ್, ಒಳ್ಳೆಯ ಅಳತೆ. 14.4 ವೋಲ್ಟಿನ ಸುಮಾರಿಗೆ ಗುಳ್ಳೆ ಏಳತೊಡಗುತ್ತದೆ. ಅಲ್ಲಿಂದ ಮುಂದೆ ಕರೆಂಟು ತಾನಾಗಿ ಇಳಿಯುತ್ತ ಕೊನೆಯ ಭಾಗ ತುಂಬಲು ಹಲವು ಗಂಟೆ ಬೇಕು. ಅವಸರಕ್ಕೆ ಬಲಿಯಾಗುವುದು ಆ ಕೊನೆಯ ಭಾಗವೇ, ಗಟ್ಟಿ ಹರಳು ಕಟ್ಟುವುದೂ ಅಲ್ಲೇ. ಚಾರ್ಜ್ ಪೂರ್ತಿಯಾದ ಮೇಲೆ ಇನ್ವರ್ಟರ್ 13.5ರಿಂದ 13.8 ವೋಲ್ಟಿನಲ್ಲಿ ಅದನ್ನು ಹಿಡಿದಿಡುತ್ತದೆ. ಹಾಗಾಗಿ ಸದಾ ಆನ್ ಇದ್ದರೆ ಬ್ಯಾಟರಿ ಕೆಡುತ್ತದೆ ಎಂಬ ಭಯ ಬೇಡ. ಸುಸ್ಥಿತಿಯ ಇನ್ವರ್ಟರಿನಲ್ಲಿ ಬ್ಯಾಟರಿಗೆ ಅದೇ ಕ್ಷೇಮ.

ಗುಳ್ಳೆಯಾಗಿ ಹೋಗುವುದು ನೀರು, ಆಮ್ಲವಲ್ಲ. ಆದ್ದರಿಂದ ಮಟ್ಟ ಇಳಿದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಶಕ್ತಿ ಬರಲೆಂದು ಆಮ್ಲ ಸುರಿಯುವುದು ಫಲಕವನ್ನು ತಿನ್ನಿಸಿದಂತೆ. ಆರ್‌ಒ ನೀರಿನಲ್ಲೂ ಲವಣ ಉಳಿದಿರುತ್ತದೆ.

ಕೊನೆಯ ವರ್ಷಗಳು

ಇತರರು ಅವನ ಕೋಶದಿಂದ ಉದ್ಯಮ ಕಟ್ಟುತ್ತಿದ್ದಾಗ ಪ್ಲಾಂಟೆ ತನ್ನ 800 ಕೋಶಗಳ ಸಾಲಿನೆದುರು ಮಿಂಚು ಗುಡುಗಿನ ಗುಟ್ಟು ಹುಡುಕುತ್ತಿದ್ದ. 1877ರಲ್ಲಿ, ಅಭ್ರಕದ ಪದರಗಳನ್ನು ಸಮಾಂತರದಲ್ಲಿ ಚಾರ್ಜ್ ಮಾಡಿ ಸರಣಿಯಲ್ಲಿ ಹೊರಬಿಡುವ ಯಂತ್ರ ಕಟ್ಟಿದ. ಚೆಂಡುಮಿಂಚು, ಧ್ರುವಪ್ರಭೆಗಳಿಗೆ ವಿವರಣೆ ಕೊಡಲು ಹೊರಟ. ಆ ವಿವರಣೆಗಳಲ್ಲಿ ಹಲವು ನಿಲ್ಲಲಿಲ್ಲ. ಅದೇ ಹುಡುಕಾಟದಲ್ಲಿ ವಿದ್ಯುತ್ತಿನಿಂದ ಗಾಜಿನ ಮೇಲೆ ಕೆತ್ತುವ ವಿಧಾನವೊಂದು ಅವನಿಗೆ ಸಿಕ್ಕಿತು. ಎಲ್ಲವನ್ನೂ 1879ರಲ್ಲಿ ವಿದ್ಯುತ್ ಸಂಶೋಧನೆಗಳ ಪುಸ್ತಕವಾಗಿ ತಂದ. 1889ರ ಮೇ 21ರಂದು, 55ನೆಯ ವಯಸ್ಸಿನಲ್ಲಿ, ಬೆಲ್‌ವ್ಯೂ ಎಂಬಲ್ಲಿ ತೀರಿಕೊಂಡ. ಅದು ಹಕ್ಕಿಯ ಮೂಳೆ ಸಿಕ್ಕಿದ್ದ ಅದೇ ಮ್ಯೂಡನ್ನಿನ ಒಂದು ಭಾಗ.

ಮೆತ್ತಿದ ಫಲಕಗಳು ಮಾರುಕಟ್ಟೆ ಗೆದ್ದರೂ ಪ್ಲಾಂಟೆಯ ಹೆಸರಿನ ಶುದ್ಧ ಸೀಸದ ಫಲಕಗಳು ಇಪ್ಪತ್ತನೆಯ ಶತಮಾನದುದ್ದಕ್ಕೂ ಟೆಲಿಫೋನ್ ವಿನಿಮಯ ಕೇಂದ್ರಗಳಲ್ಲಿ, ವಿದ್ಯುತ್ ಕೇಂದ್ರಗಳಲ್ಲಿ ದುಡಿದವು. ಇಪ್ಪತ್ತು ವರ್ಷ ಮೀರಿ ಬಾಳಿದವೂ ಉಂಟು. ಅದಕ್ಕೆ ದಪ್ಪ ಸೀಸ ಒಂದು ಕಾರಣ. ಇನ್ನೊಂದು ಕಾರಣ, ಅವನ್ನು ಸದಾ ತುಂಬಿಟ್ಟು, ಗೊತ್ತಾದ ದಿನ ಕೋಶ ಕೋಶದ ಸಾಂದ್ರತೆ ಅಳೆದು ಪುಸ್ತಕದಲ್ಲಿ ಬರೆಯುವ ಜನ ಅಲ್ಲಿದ್ದರು. ನಮ್ಮ ಮನೆಯ ಟ್ಯೂಬುಲರ್ ಬ್ಯಾಟರಿ ಇಪ್ಪತ್ತು ವರ್ಷ ಬಾಳದು. ಆದರೆ ಎರಡು ವರ್ಷಕ್ಕೆ ಸಾಯಬೇಕಾದ್ದೂ ಇಲ್ಲ. ಒಂದು ಹೈಡ್ರೋಮೀಟರ್, ಒಂದು ಕ್ಯಾನ್ ಡಿಸ್ಟಿಲ್ಡ್ ವಾಟರ್, ಬ್ಯಾಟರಿಯ ಪಕ್ಕದ ಮೊಳೆಗೆ ತೂಗುಹಾಕಿದ ಒಂದು ಸಣ್ಣ ನೋಟ್‌ಬುಕ್ ಇದ್ದರೆ, ಇನ್ನೂ ಹಲವು ಬೇಸಿಗೆಗಳು ಫ್ಯಾನಿನ ಕೆಳಗೆ ಕಳೆಯುತ್ತವೆ.